ಕುಮಾರ ಪರ್ವತವೋ ಕುದುರೆಮುಖವೋ? ಹೋಗಿ ಬಂದವರು ಹೇಳಿದ್ದು

ಕೇಳಿದ್ದು:
ನಾವು ಮೂರು ಜನ, ಎಲ್ಲರೂ ಬೆಂಗಳೂರಿನವರು. ನಂದಿ ಬೆಟ್ಟ, ಶಿವಗಂಗೆ ಬಿಟ್ಟರೆ ಬೇರೆ ಹತ್ತಿಲ್ಲ. ಬ್ಯಾಗ್ ಹೊತ್ತು ಎರಡು ದಿನ ನಡೆಯಬೇಕು, ಮೇಲೆ ಟೆಂಟ್ ಹಾಕಿ ಮಲಗಬೇಕು ಅಂತ ಆಸೆ. "ಪರ್ಮಿಟ್ ಎಲ್ಲ ಅಲ್ಲೇ ನೋಡಿಕೊಳ್ಳೋಣ, ಸುಮ್ನೆ ಬಸ್ ಹತ್ತು" ಅಂತಾನೆ ಒಬ್ಬ ಗೆಳೆಯ. ಏನು ಮಾಡೋಣ?

ರಾಜಾಜಿನಗರದಿಂದ:
ಆ ಗೆಳೆಯನ ಮಾತು ಕೇಳಬೇಡಿ. ಹಿಂದೆ ಹಾಗೆ ನಡೆಯುತ್ತಿತ್ತು, ನಿಜ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜಾತ್ರೆ ಸೇರಿದ ಹಾಗೆ ಜನ ಸೇರಿದ್ದರು. ಆ ವಿಡಿಯೊ ನೀವೂ ನೋಡಿರಬಹುದು. ಆಮೇಲೆ ಕಟ್ಟುನಿಟ್ಟಾಯಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಇಟ್ಟಿದ್ದಾರೆ. 300 ಅಂದರೆ ಜಾಸ್ತಿ ಅನ್ನಿಸುತ್ತೆ, ಅಲ್ವಾ? ಇಡೀ ಬೆಂಗಳೂರು ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲೇ ನಿಂತಿರುತ್ತದೆ ಅನ್ನೋದು ನೆನಪಿರಲಿ.

ನಾವು ಮಾಡಿದ ತಪ್ಪು ಬೇರೆ. ಟಿಕೆಟ್ ಇತ್ತು. ಹೊರಡುವ ಹಿಂದಿನ ದಿನ ಒಬ್ಬನಿಗೆ ಜ್ವರ ಬಂತು, ಅವನ ಬದಲು ನನ್ನ ತಮ್ಮನನ್ನು ಕರೆದುಕೊಂಡು ಹೋದೆ. ಗೇಟಿನಲ್ಲಿ ಗುರುತಿನ ಚೀಟಿ ನೋಡಿದರು, ಹೆಸರು ಬೇರೆ, ಬಿಡಲಿಲ್ಲ. ಎಷ್ಟು ಕೇಳಿಕೊಂಡರೂ ಇಲ್ಲ. ಅವರದ್ದೇನೂ ತಪ್ಪಿಲ್ಲ. ತಮ್ಮ ಇಡೀ ದಿನ ಕೆಳಗೆ ಕೂತು ಬಜ್ಜಿ ತಿಂದ. ಈಗಲೂ ನನ್ನನ್ನು ಆಡಿಕೊಳ್ಳುತ್ತಾನೆ.

ಅದಕ್ಕೇ, ಮೊದಲು ಪರ್ಮಿಟ್, ಆಮೇಲೆ ರಜೆ, ಕೊನೆಗೆ ಬಸ್ಸು. ನಾವೆಲ್ಲ ಇದನ್ನು ತಿರುಗಾಮುರುಗಾ ಮಾಡುತ್ತೇವೆ.

ಕಳಸದ ಕಡೆಯವಳು, ಈಗ ಯಲಹಂಕದಲ್ಲಿ:
ಟೆಂಟ್ ಮನೆಯಲ್ಲೇ ಬಿಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕುಮಾರ ಪರ್ವತ ಪುಷ್ಪಗಿರಿ ವನ್ಯಜೀವಿ ಧಾಮ. ಎರಡರಲ್ಲೂ ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ. ಕುದುರೆಮುಖಕ್ಕಾದರೆ ಮುಳ್ಳೋಡಿಯ ಹೋಮ್‌ಸ್ಟೇಯಲ್ಲಿ ಹಿಂದಿನ ರಾತ್ರಿ ಮಲಗಿ, ಬೆಳಿಗ್ಗೆ ಬೇಗ ಹೊರಟು ಸಂಜೆಗೆ ವಾಪಸ್. ಹೋಗಿ ಬರೋದು ಸೇರಿ ಸುಮಾರು 20 ಕಿಲೋಮೀಟರ್. ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪ್ ಹತ್ತಿ. ಆ ರಸ್ತೆಯಲ್ಲಿ ನಿಮ್ಮ ಕಾರು ಬೇಡವೇ ಬೇಡ.

ದಾರಿ ಅಷ್ಟು ಕಷ್ಟವಿಲ್ಲ, ಉದ್ದ. ಹಳ್ಳಗಳನ್ನು ದಾಟಬೇಕು. ಒಂಟಿ ಮರ ದಾಟಿದ ಮೇಲೆ ಹುಲ್ಲುಗಾವಲು, ಕಣಿವೆಯಲ್ಲಿ ಶೋಲಾ ಅನ್ನೋ ದಟ್ಟ ಕಾಡು. ಮಳೆಗಾಲದಲ್ಲಿ ಎಲ್ಲ ಹಸಿರು, ಆದರೆ ಮೋಡ ಕವಿದರೆ ಮುಂದೆ ಹೋಗುವವರ ಬ್ಯಾಗೂ ಕಾಣಿಸಲ್ಲ. ಜೋರು ಮಳೆ ಬಂದರೆ ಬೆಳಿಗ್ಗೆ ಪಾದ ಮುಳುಗುತ್ತಿದ್ದ ಹಳ್ಳ ಸಂಜೆ ಸೊಂಟಕ್ಕೆ ಬಂದಿರುತ್ತದೆ. ಮುಂದೆ ಹೋಗೋದು ಬೇಡ ಅಂತ ಗೈಡ್ ಹೇಳಿದರೆ ಬೇಡ. "ಇಷ್ಟು ದೂರ ಬಂದಿದ್ದೇವೆ" ಅನ್ನೋ ಮಾತು ಆಡಬೇಡಿ, ಅವರಿಗೆ ಹಳ್ಳ ಗೊತ್ತು.

ಜಿಗಣೆಗೆ ನಮ್ಮ ಕಡೆ ಇಂಬಳ ಅಂತೀವಿ. ಕಿತ್ತು ಎಳೆಯಬೇಡಿ, ಉಪ್ಪು ಹಾಕಿ, ತಾನೇ ಬಿಡುತ್ತದೆ. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ನೋಡಲು ಚೆನ್ನಾಗಿರಲ್ಲ, ಯಾರು ನೋಡ್ತಾರೆ ಅಲ್ಲಿ?

ಬಸವನಗುಡಿಯಿಂದ:
ಕುಮಾರ ಪರ್ವತ 1712 ಮೀಟರ್, ಕುದುರೆಮುಖ ಅದಕ್ಕಿಂತ ಎತ್ತರ. ಆದರೂ ಕಾಲು ಮುರಿಯುವುದು ಕುಮಾರ ಪರ್ವತವೇ. ಕುದುರೆಮುಖಕ್ಕೆ ನಡಿಗೆ ಶುರುವಾಗುವುದೇ ಎತ್ತರದಲ್ಲಿ. ಕುಕ್ಕೆಯಿಂದ ಹೊರಟರೆ ಬುಡದಿಂದಲೇ ಹತ್ತಬೇಕು. ದಾರಿ ನಡುವೆ ಸಿಗುವ ಭಟ್ಟರ ಮನೆಯ ತನಕ ಮರದ ನೆರಳು. ಆಮೇಲೆ ಕಲ್ಲು ಮಂಟಪದ ತನಕ ಬೋಳು ಗುಡ್ಡ, ನೆತ್ತಿ ಮೇಲೆ ಬಿಸಿಲು. ಶೇಷ ಪರ್ವತ ಹತ್ತಿ 'ಬಂದೇಬಿಟ್ಟೆವು' ಅಂದುಕೊಂಡರೆ ಎದುರಿಗೆ ಇನ್ನೊಂದು ಬೆಟ್ಟ! ನಾನಂತೂ ಅಲ್ಲೇ ಕೂತುಬಿಟ್ಟೆ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಇಟ್ಟುಕೊಳ್ಳಿ. ದಾರಿಯ ನೀರನ್ನು ನಂಬಿ ಹೋಗಬೇಡಿ.

ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ದಾರಿ ಅರ್ಧದಷ್ಟೇ. ಮೊದಲ ಸಲಕ್ಕೆ ಅದೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಕೊನೆಯಲ್ಲಿ ಕಡಿದಾದ ಬಂಡೆ ಇದೆ, ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ. ಹಳೇ ಶೂ ಹಾಕಿಕೊಂಡು ಬರಬೇಡಿ.

ತಿಂಗಳು ಗಮನಿಸಿ. ಮಳೆಗಾಲದಲ್ಲಿ ಕುಮಾರ ಪರ್ವತ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವ ಭಯಕ್ಕೆ ಮುಚ್ಚುತ್ತಾರೆ. ಉಳಿಯುವುದು ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಜನವರಿ. ಅದರಲ್ಲೂ ಚಂಪಾಷಷ್ಠಿಯ ವಾರ ಕುಕ್ಕೆಯಲ್ಲಿ ರೂಮು ಸಿಗಲ್ಲ. ಕ್ಯಾಲೆಂಡರ್ ನೋಡಿಯೇ ಬುಕ್ ಮಾಡಿ.

ವಿಜಯನಗರದಿಂದ:
ಒಂದೇ ಮಾತು. ಹೋಗುವ ಮೊದಲು ಎರಡು ಭಾನುವಾರ ಅದೇ ಬ್ಯಾಗಿಗೆ ಅದೇ ಭಾರ ತುಂಬಿ ಸಾವನದುರ್ಗ ಹತ್ತಿ ಇಳಿಯಿರಿ. ಹತ್ತುವಾಗ ಉಸಿರು ಬೇಕು, ಇಳಿಯುವಾಗ ಮೊಣಕಾಲು ಬೇಕು. ನನ್ನದು ಇಳಿಯುವಾಗ ಕೈಕೊಟ್ಟಿತು. ಒಂದು ವಾರ ಆಫೀಸಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ.

ಕೇಳಿದವನು:
ಎಲ್ಲರಿಗೂ ಥ್ಯಾಂಕ್ಸ್. ನವೆಂಬರ್‌ನಲ್ಲಿ ಒಂದು ಮಂಗಳವಾರ, ಬೀದಳ್ಳಿ ಕಡೆಯಿಂದ ಅಂತ ಮಾತಾಗಿದೆ. ಪರ್ಮಿಟ್ ಸಿಕ್ಕಿದ ಮೇಲೇ ರಜೆ ಕೇಳುತ್ತೇವೆ. ಗೆಳೆಯ ಮಾತ್ರ ಮುಖ ಊದಿಸಿಕೊಂಡಿದ್ದಾನೆ. ಬಾಡಿಗೆ ಟೆಂಟಿಗೆ ಆಗಲೇ ಅಡ್ವಾನ್ಸ್ ಕೊಟ್ಟಿದ್ದನಂತೆ.