‘ಲಾಸ್‌ಲೆಸ್’ ಎಂಬುದಕ್ಕೆ ‘ನಷ್ಟರಹಿತ’ ಸರಿಯೇ?

ಮಾನ್ಯರೇ,

ಜೇಬಿನಲ್ಲಿಟ್ಟುಕೊಂಡು ಓಡಾಡಬಹುದಾದ ಡಿಜಿಟಲ್ ಮ್ಯೂಸಿಕ್ ಪ್ಲೇಯರನ್ನು ಆರಿಸಿಕೊಳ್ಳುವುದು ಹೇಗೆ ಎಂಬ ಬಗ್ಗೆ ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ‘ಪ್ಲೇಯರ್’ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ವಾದಕ’ ಎಂದರೆ ವೀಣೆಯನ್ನೋ ಕೊಳಲನ್ನೋ ನುಡಿಸುವ ಮನುಷ್ಯನೇ ಕಣ್ಮುಂದೆ ಬರುತ್ತಾನೆ. ಯಂತ್ರಾನುವಾದದ ‘ಸಂಗೀತ ಆಟಗಾರ’ನ ಮಾತಂತೂ ಬೇಡ. ನನ್ನನ್ನು ತಡೆದು ನಿಲ್ಲಿಸಿರುವುದು ‘ಲಾಸ್‌ಲೆಸ್’ ಎಂಬ ಇನ್ನೊಂದು ಪದ. ದನಿಯ ಯಾವ ವಿವರವೂ ಹೋಗದಂತೆ ಹಾಡಿನ ಕಡತದ (ಫೈಲಿನ) ಗಾತ್ರವನ್ನು ಕುಗ್ಗಿಸುವುದಕ್ಕೆ ಇಂಗ್ಲಿಷಿನಲ್ಲಿ ಹೀಗೆನ್ನುತ್ತಾರೆ.

ಕರಡಿನಲ್ಲಿ ಇದನ್ನು ‘ನಷ್ಟರಹಿತ ಕಡತ’ ಎಂದು ಬರೆದಿದ್ದೆ. ಓದಿದವರೊಬ್ಬರು, “ಹಾಗಾದರೆ ಪ್ಲೇಯರ್ ಕಳೆದುಹೋದರೂ ಹಾಡುಗಳು ಹೋಗುವುದಿಲ್ಲ, ಅಲ್ಲವೇ?” ಎಂದು ಕೇಳಿದರು. ತಪ್ಪು ಅವರದಲ್ಲ. ಕನ್ನಡದಲ್ಲಿ ನಷ್ಟವೆಂದರೆ ಲಾಭದ ಎದುರುಮಾತು. ಅದು ವ್ಯಾಪಾರದಲ್ಲಿ ಆಗುತ್ತದೆ, ಬೆಳೆಗೆ ಆಗುತ್ತದೆ. ಕಡತದ ಒಳಗಿನಿಂದ ಒಂದಿಷ್ಟು ದನಿಯನ್ನು ತೆಗೆದುಹಾಕುವ ಕೆಲಸವನ್ನು ಆ ಪದ ಸೂಚಿಸುವುದೇ ಇಲ್ಲ.

ಆ ಕೆಲಸ ಏನೆಂಬುದನ್ನು ತುಸು ಹೇಳಬೇಕು. ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ, ಪ್ರತಿಸಲವೂ 16 ಬಿಟ್‌ಗಳಲ್ಲಿ, ಎಡಬಲ ಎರಡಕ್ಕೂ ಬೇರೆಬೇರೆಯಾಗಿ ಅಳೆದು ಬರೆದಿರುತ್ತಾರೆ. ಒಟ್ಟು ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. 64 ಗಿಗಾಬೈಟ್‌ನ ಪ್ಲೇಯರಿನಲ್ಲಿ ಇದನ್ನು ಹಾಗೆಯೇ ತುಂಬಿದರೆ ನೂರು ಗಂಟೆಯಷ್ಟು ಸಂಗೀತ ಹಿಡಿದೀತು. 320 ಕಿಲೋಬಿಟ್‌ನ ಎಂಪಿ3 ಆದರೆ 440 ಗಂಟೆಯಷ್ಟು ಹಿಡಿಯುತ್ತದೆ, ಏಕೆಂದರೆ ಒಂದು ಜೋರು ದನಿಯ ಮರೆಯಲ್ಲಿ ಕಿವಿಗೆ ಬೀಳದೇ ಹೋಗುವ ಸಣ್ಣ ದನಿಗಳ ವಿವರವನ್ನು ಎಂಪಿ3 ಕೈಬಿಡುತ್ತದೆ, ಮತ್ತು ಹಾಗೆ ಬಿಟ್ಟದ್ದು ಎಂದಿಗೂ ಮರಳುವುದಿಲ್ಲ. ಫ್ಲ್ಯಾಕ್ ಎಂಬ ಇನ್ನೊಂದು ಬಗೆಯ ಕಡತ ಹಾಗಲ್ಲ, ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಂತೆ ಗಾತ್ರ ಮಾತ್ರ ತಗ್ಗುತ್ತದೆ, ಬಿಚ್ಚಿದಾಗ ಒಂದು ಬಿಟ್ ಕೂಡ ಆಚೀಚೆ ಆಗದೆ ಮೊದಲಿನದೇ ಸಿಗುತ್ತದೆ.

‘ನಷ್ಟ’ದ ಬದಲಿಗೆ ಮೊದಲು ನನಗೆ ಹೊಳೆದದ್ದು ‘ಲೋಪ’. ಲೋಪಸಂಧಿಯನ್ನು ಓದಿದ ಯಾರಿಗೂ ಅದು ಹೊಸದಲ್ಲ: ‘ಮಾತು’, ‘ಇಲ್ಲ’ ಎರಡೂ ಕೂಡಿ ‘ಮಾತಿಲ್ಲ’ ಆದಾಗ ನಡುವಿನ ಉಕಾರ ಹೋಗುತ್ತದೆ, ಕಿವಿಗೆ ಅದರ ಕೊರತೆ ಕಾಣುವುದಿಲ್ಲ. ಆದರೆ ಬಿಡಿಸಿ ಬರೆ ಎಂದರೆ ಶಾಲೆಯ ಮಗುವೂ ಆ ಉಕಾರವನ್ನು ಮರಳಿ ತರುತ್ತದೆ. ಎಂಪಿ3ಯಲ್ಲಿ ಹೋದದ್ದನ್ನು ಯಾವ ಯಂತ್ರವೂ ತರಲಾರದು. ವ್ಯಾಕರಣ ಬಲ್ಲವರಿಗೆ ಹೀಗೆ ಹೋಲಿಕೆ ಅರ್ಧಕ್ಕೆ ನಿಂತರೆ, ಉಳಿದವರಿಗೆ ‘ಲೋಪದೋಷ’ದ ನೆನಪಾಗಿ, ‘ಲೋಪಸಹಿತ ಕಡತ’ವೆಂದರೆ ಕೆಟ್ಟುಹೋದ ಕಡತವೆಂದೇ ಅನ್ನಿಸುತ್ತದೆ. ಸಾಕಷ್ಟು ಬಿಟ್‌ರೇಟ್ (ಸೆಕೆಂಡಿಗೆ ಇಂತಿಷ್ಟು ಕಿಲೋಬಿಟ್ ಎಂಬ ಲೆಕ್ಕ) ಇರುವ ಎಂಪಿ3 ನಡೆದಾಡುತ್ತಾ ಕೇಳುವವರಿಗೆ ಧಾರಾಳವಾಗಿ ಸಾಕು ಎಂದೇ ನನ್ನ ಅಭಿಪ್ರಾಯವಾದ್ದರಿಂದ, ಆ ಕಳಂಕವನ್ನು ಅದಕ್ಕೆ ಹಚ್ಚಲು ಮನಸ್ಸಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಬೇರೆಯದೇ ಇದೆ. ‘ನಷ್ಟರಹಿತ’ವಾಗಲಿ ‘ಲೋಪರಹಿತ’ವಾಗಲಿ ಕಡತಕ್ಕೆ ಅಂಟುವ ವಿಶೇಷಣ, ನಿಜದಲ್ಲಿ ಆ ಗುಣ ಕುಗ್ಗಿಸುವ ಕ್ರಿಯೆಗೆ ಸೇರಿದ್ದು. 128 ಕಿಲೋಬಿಟ್‌ನ ಎಂಪಿ3ಯನ್ನು ಫ್ಲ್ಯಾಕ್ ಆಗಿ ಬದಲಿಸಿದರೆ ಕಡತ ಹಲವು ಪಟ್ಟು ಹಿಗ್ಗುತ್ತದೆ, ಹೆಸರಿನ ಕೊನೆಯಲ್ಲಿ ಫ್ಲ್ಯಾಕ್ ಎಂದೂ ಇರುತ್ತದೆ, ದನಿ ಮಾತ್ರ ಎಂಪಿ3ಯದೇ. ‘ನಷ್ಟರಹಿತ ಕಡತ’ ಎಂದು ಓದಿಕೊಂಡವರು ತಮ್ಮ ಹಳೆಯ ಸಂಗ್ರಹವನ್ನೆಲ್ಲ ಹೀಗೆ ಬದಲಿಸಿಟ್ಟುಕೊಂಡು, ಅದಕ್ಕಾಗಿ ದೊಡ್ಡ ಸಾಮರ್ಥ್ಯದ ಪ್ಲೇಯರನ್ನು ಕೊಂಡರೆ, ಅವರನ್ನು ದಾರಿ ತಪ್ಪಿಸಿದ್ದು ನಮ್ಮ ಪದವೇ.

ಆದ್ದರಿಂದ ಸಮಾಸವನ್ನು ಬಿಟ್ಟು ಕ್ರಿಯಾಪದವನ್ನೇ ಹಿಡಿಯಬಾರದೇಕೆ ಎಂದು ಯೋಚಿಸುತ್ತಿದ್ದೇನೆ. ‘ಏನನ್ನೂ ಬಿಡದೆ ಕುಗ್ಗಿಸಿದ’, ‘ಕೆಲವನ್ನು ಬಿಟ್ಟು ಕುಗ್ಗಿಸಿದ’ ಎಂದರೆ ಯಾರು ಏನು ಮಾಡಿದರೆಂಬುದು ತಾನಾಗಿ ತಿಳಿಯುತ್ತದೆ. ತೊಂದರೆಯೆಂದರೆ ಉದ್ದ; ಕೋಷ್ಟಕದ ತಲೆಬರಹಕ್ಕೆ ಇವು ಒಗ್ಗುವುದಿಲ್ಲ. ‘ಮಡಿಸಿದ’, ‘ಸವರಿದ’ ಎಂಬ ಜೋಡಿಯನ್ನು ಬರೆದು ನೋಡಿದೆ. ಗಿಡದ ರೆಂಬೆ ಸವರುವ ಅರ್ಥದಲ್ಲಿ ‘ಸವರು’ ಚೆನ್ನಾಗಿ ಹೊಂದುತ್ತದೆ, ಆದರೆ ಕೈಯಿಂದ ನೇವರಿಸುವ ಅರ್ಥವೇ ಹಲವರಿಗೆ ಮೊದಲು ಬರುತ್ತದೇನೋ ಎಂಬ ಅಳುಕು.

ಜೊತೆಗೆ ಇನ್ನೊಂದು: ಒಂದು ಹಾಡು ಮುಗಿದು ಮುಂದಿನದು ಮೊದಲಾಗುವಾಗ ನಡುವೆ ಮೌನ ನುಸುಳದಿರುವ ‘ಗ್ಯಾಪ್‌ಲೆಸ್’ ಸೌಲಭ್ಯವನ್ನು ‘ಸಂದಿಲ್ಲದ’ ಎಂದು ಬರೆದಿದ್ದೇನೆ. ‘ಸಂದು’ ಎಂಬುದು ‘ಸಂಧಿ’ಯ ತದ್ಭವವೇ ಆಗಿದ್ದೂ ಕೂಡುವಿಕೆಯ ಬದಲು ಬಿರುಕನ್ನು ಹೇಳುವುದು ಇಲ್ಲಿ ಅನುಕೂಲಕ್ಕೇ ಬಂತು, ಇದಕ್ಕೆ ಆಕ್ಷೇಪವಿದ್ದರೆ ತಿಳಿಸಿ.

‘ಸವರಿದ’ ಎಂಬುದಕ್ಕಿಂತ ಮೇಲಾದ, ಮೂರು ನಾಲ್ಕು ಅಕ್ಷರಗಳಲ್ಲಿ ಮುಗಿಯುವ ಕ್ರಿಯಾಪದ ತಮ್ಮ ಬಳಕೆಯಲ್ಲಿ ಇದೆಯೇ?