ನೆಲದ ಮೇಲೆ ಸಿಗದ ವಿಮಾನದ ಎಲೆಕ್ಟ್ರಿಕಲ್ ದೋಷ

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ): ನಮಸ್ಕಾರ ಸರ್. ಕಳೆದ ತಿಂಗಳು ನಾನು ಕುಳಿತಿದ್ದ ವಿಮಾನವು ರನ್‌ವೇ ಕಡೆಗೆ ಹೊರಟು, ಎಲೆಕ್ಟ್ರಿಕಲ್ ತೊಂದರೆಯೆಂದು ಮರಳಿ ಬಂದು ನಿಂತಿತು. ತಪಾಸಣೆಯಲ್ಲಿ ಏನೂ ಸಿಗಲಿಲ್ಲವೆಂದು ತಿಳಿಸಿ, ಒಂದು ತಾಸಿನ ನಂತರ ಹೊರಟರು. ಸಿಗಲಿಲ್ಲವೆಂದರೆ ದೋಷ ಇರಲಿಲ್ಲವೆಂದು ಅರ್ಥವೇ?

ಉತ್ತರ (ವಾಯುಪಡೆಯ ನಿವೃತ್ತ ಎಲೆಕ್ಟ್ರಿಕಲ್ ತಂತ್ರಜ್ಞ, ಬೀದರ್): ಅಲ್ಲ ತಮ್ಮಾ. ಕೆಲವೊಮ್ಮೆ ಸೂಚನೆ ನೀಡುವ ಸೆನ್ಸರ್ ತಪ್ಪಿರುತ್ತದೆ, ಅದು ಬೇರೆ ಮಾತು. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ನೆಲದಿಂದ ಎದ್ದ ವಿಮಾನವು ಸ್ವಲ್ಪ ಹೊತ್ತಿನಲ್ಲೇ ಸೊನ್ನೆಗಿಂತ ಕೆಳಗಿನ ಚಳಿಗೆ ಏರುವಾಗ ಕನೆಕ್ಟರಿನ ಲೋಹ ಕುಗ್ಗುತ್ತದೆ, ತಣ್ಣಗಾದ ಭಾಗಗಳಲ್ಲಿ ತೇವ ಕೂಡುತ್ತದೆ, ವೈರನ್ನು ಹಿಡಿದಿಡುವ ಕ್ಲ್ಯಾಂಪಿಗೆ ಉಜ್ಜಿ ಹೊದಿಕೆ ಸವೆದ ವೈರು ಕಂಪನದಿಂದ ಆಗೊಮ್ಮೆ ಈಗೊಮ್ಮೆ ಮಾತ್ರ ಲೋಹಕ್ಕೆ ತಾಗುತ್ತದೆ. ನಿಂತ ವಿಮಾನದಲ್ಲಿ ಮಲ್ಟಿಮೀಟರ್ ಹಿಡಿದರೆ ಎಲ್ಲವೂ ಸರಿಯೆಂದೇ ತೋರುತ್ತದೆ. ಆಗ ದೂರು ಬಂದ ಉಪಕರಣವನ್ನೇ ಅದರ ಪೆಟ್ಟಿಗೆಸಮೇತ ಬದಲಿಸಿ ಕೈತೊಳೆದುಕೊಳ್ಳುವವರನ್ನು ಕಂಡು ನನಗೆ ಬಹಳ ನೋವಾಗುತ್ತಿತ್ತು, ಏಕೆಂದರೆ ದೋಷವು ಎಷ್ಟೋ ಸಲ ಪೆಟ್ಟಿಗೆಯಲ್ಲಿರದೆ ಅದಕ್ಕೆ ಸೇರುವ ವೈರಿನಲ್ಲಿರುತ್ತದೆ.

ಅರ್ಥಿಂಗನ್ನೂ ಮರೆಯಬೇಡಿ. ಟ್ರ್ಯಾಕ್ಟರಿನಂತೆಯೇ ಲೋಹದ ವಿಮಾನದಲ್ಲಿಯೂ ಕರೆಂಟು ಬಹುಪಾಲು ಬಾಡಿಯ ಮೂಲಕವೇ ಹಿಂದಿರುಗುವುದರಿಂದ, ಒಂದು ಅರ್ಥಿಂಗ್ ಬೋಲ್ಟು ಕಿಲುಬು ಹಿಡಿದರೆ ಪರಸ್ಪರ ಸಂಬಂಧವಿಲ್ಲದ ಎರಡು ಉಪಕರಣಗಳು ಒಟ್ಟಿಗೆ ತಪ್ಪು ತೋರಿಸಬಹುದು. ಅಂತಹ ದೂರು ಬಂದಾಗ ನಾನು ಮೊದಲು ನೋಡುತ್ತಿದ್ದುದು ಆ ಬೋಲ್ಟನ್ನೇ.

ಪ್ರಶ್ನೆ (ಅದೇ ವಿದ್ಯಾರ್ಥಿ): ವೈರಿನಲ್ಲಿ ದೋಷವಿದ್ದರೆ, ಕರೆಂಟು ಮಿತಿಮೀರಿದಾಗ ಸರ್ಕ್ಯೂಟನ್ನು ತಾನೇ ಕಡಿಯುವ ಬ್ರೇಕರ್ ಟ್ರಿಪ್ ಆಗಬೇಕಲ್ಲವೇ ಸರ್?

ಉತ್ತರ: ನೇರ ಶಾರ್ಟ್ ಆದರೆ ಆಗುತ್ತದೆ. ಆದರೆ ಕ್ಷಣಕ್ಷಣಕ್ಕೆ ಕಿಡಿ ಹಾರಿ ಆರುವಾಗ ಸರಾಸರಿ ಕರೆಂಟು ಹೆಚ್ಚುವುದಿಲ್ಲ. ಬಿಸಿಯೇರಿದರೆ ಮಾತ್ರ ಟ್ರಿಪ್ ಆಗುವ ಹಳೆಯ ಬಗೆಯ ಬ್ರೇಕರಿಗೆ ಅದು ತಿಳಿಯುವುದೇ ಇಲ್ಲ, ಕಿಡಿಯ ಜಾಗವಾದರೋ ಸಾವಿರಾರು ಡಿಗ್ರಿ ಕಾಯುತ್ತದೆ. 1998ರ ಸೆಪ್ಟೆಂಬರ್ 2ರಂದು ಕೆನಡಾದ ಕರಾವಳಿಯ ಬಳಿ ಸ್ವಿಸ್‌ಏರ್ 111 ವಿಮಾನವು ಸಮುದ್ರಕ್ಕೆ ಬಿದ್ದು 229 ಜನ ತೀರಿಕೊಂಡರು. ಬೆಂಕಿ ಬಹುಶಃ ವೈರಿನ ಇಂತಹ ಕಿಡಿಯಿಂದಲೇ ಹತ್ತಿ, ಹತ್ತಿರದಲ್ಲಿದ್ದ, ಶಾಖ ಮತ್ತು ಶಬ್ದ ತಡೆಯುವ ಹೊದಿಕೆಗೆ ತಗುಲಿ ಹರಡಿತೆಂದು ತನಿಖೆ ಕಂಡುಕೊಂಡಿತು. ಆದ್ದರಿಂದ ಟ್ರಿಪ್ ಆದ ಬ್ರೇಕರನ್ನು ಕಾರಣ ತಿಳಿಯದೆ ಮತ್ತೆ ಮತ್ತೆ ಒತ್ತಬಾರದು. ಬ್ರೇಕರ್ ಕಾಪಾಡುವುದು ಉಪಕರಣವನ್ನಲ್ಲ, ವೈರನ್ನು.

ನೀವು ವರ್ಕ್‌ಶಾಪಿನಲ್ಲಿ ಈಗಲೇ ಅಭ್ಯಾಸ ಮಾಡಬಹುದು. ಮೀಟರ್ ಹಚ್ಚಿಟ್ಟು ವೈರಿನ ಕಟ್ಟನ್ನು ಗೇಣುಗೇಣಾಗಿ ಮೆಲ್ಲಗೆ ಅಲುಗಿಸಿರಿ, ಕನೆಕ್ಟರನ್ನು ಬಿಸಿಗಾಳಿಯಿಂದ ಕಾಯಿಸಿರಿ, ಆಮೇಲೆ ತಣಿಯಲು ಬಿಟ್ಟು ಮುಳ್ಳು ಎಲ್ಲಿ ಅಲುಗಿತೆಂದು ನೋಡಿರಿ.