ರೆಸಿಡೆನ್ಸಿ ಮ್ಯಾಚ್ ಆಗಲಿಲ್ಲ, ಎಫ್‌ಎಂಜಿಇ ಬರೆದಿಲ್ಲ: ಮುಂದಿನ ದಾರಿ ಯಾವುದು?

ವಿರಾಜಪೇಟೆ_ವೈದ್ಯೆ

ಜಾರ್ಜಿಯಾ ದೇಶದಲ್ಲಿ 2018ರಲ್ಲಿ ಸೇರಿ 2024ರಲ್ಲಿ ವೈದ್ಯಕೀಯ ಪದವಿ ಮುಗಿಸಿದ್ದೇನೆ. ಅಮೆರಿಕದ ಲೈಸೆನ್ಸ್ ಪರೀಕ್ಷೆಯ ಸ್ಟೆಪ್ 1 ಪಾಸಾದದ್ದು 2022ರಲ್ಲಿ. ಸ್ಟೆಪ್ 2 ಸಿಕೆ 238, ವಿದೇಶದಲ್ಲಿ ಓದಿದವರಿಗೆ ಅಲ್ಲಿ ಬೇಕಾದ ಇಸಿಎಫ್‌ಎಂಜಿ ಸರ್ಟಿಫಿಕೇಟ್ ಕೈಯಲ್ಲಿದೆ. ಅಲ್ಲಿನ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ (ತಜ್ಞ ತರಬೇತಿ) ಅರ್ಜಿ ಹಾಕಿದ್ದೆ, ಬಂದ ಇಂಟರ್ವ್ಯೂಗಳೇ ಕಡಿಮೆ. ಈ ಮಾರ್ಚ್‌ನ ಸೀಟು ಹಂಚಿಕೆಯಲ್ಲಿ ಮ್ಯಾಚ್ ಆಗಲಿಲ್ಲ, ಉಳಿದ ಸೀಟುಗಳಿಗೆ ನಡೆಯುವ ಸೋಪ್‌ನಲ್ಲೂ ಸೀಟು ಸಿಗಲಿಲ್ಲ. ಮತ್ತೆ ಅಮೆರಿಕಕ್ಕೇ ಅರ್ಜಿ ಹಾಕಲೋ, ವಿದೇಶದಲ್ಲಿ ಓದಿದವರು ಭಾರತದ ನೋಂದಣಿಗೆ ಪಾಸಾಗಬೇಕಾದ ಎಫ್‌ಎಂಜಿಇ ಬರೆಯಲೋ, ಇಂಗ್ಲೆಂಡ್ ಅಥವಾ ಜರ್ಮನಿ ನೋಡಲೋ? ಇಲ್ಲಿನ ಒಂದು ನರ್ಸಿಂಗ್ ಹೋಮ್‌ನವರು ರಾತ್ರಿ ಡ್ಯೂಟಿಗೆ ಬನ್ನಿ ಅನ್ನುತ್ತಿದ್ದಾರೆ. ಹೋಗಬಹುದಾ?

ಮಡಿಕೇರಿ_ಪಿಎಸ್‌ಎಂ

ಮೊದಲು ಆ ರಾತ್ರಿ ಡ್ಯೂಟಿಯ ವಿಷಯ. ಹೋಗಬೇಡಿ. ರಾಜ್ಯ ಕೌನ್ಸಿಲ್ ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ 2019ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕೇಸ್ ಶೀಟಿನಲ್ಲಿ ಇನ್ನೊಬ್ಬ ಡಾಕ್ಟರ ಹೆಸರಿದ್ದರೂ ಇಂಜೆಕ್ಷನ್ ಆರ್ಡರ್ ನಿಮ್ಮ ಕೈಬರಹದಲ್ಲಿ ಇರುತ್ತದೆ. ಏನಾದರೂ ಎಡವಟ್ಟಾದರೆ ಪೊಲೀಸರು ಮೊದಲು ಕೇಳುವುದು ನಿಮ್ಮ ನೋಂದಣಿ ಸಂಖ್ಯೆ. ಒಮ್ಮೆ ಕೇಸಾದರೆ ಮುಂದೆ ಯಾವ ದೇಶದ ಲೈಸೆನ್ಸ್ ಅರ್ಜಿಯಲ್ಲೂ ಅದನ್ನು ಬರೆಯಬೇಕಾಗುತ್ತದೆ.

ಇನ್ನು ದಾರಿ. ಏನೇ ಆದರೂ ಭಾರತದ ನೋಂದಣಿ ಮೊದಲು ಮಾಡಿಕೊಳ್ಳಿ. ಅದಿದ್ದರೆ ನೀಟ್ ಪಿಜಿ (ಎಂಡಿ, ಎಂಎಸ್ ಪ್ರವೇಶ ಪರೀಕ್ಷೆ), ಸರ್ಕಾರಿ ಕೆಲಸ, ಗಲ್ಫ್, ಅಮೆರಿಕಕ್ಕೆ ಮರು ಅರ್ಜಿ ಎಲ್ಲಕ್ಕೂ ಬಲ ಬರುತ್ತದೆ.

ಎಫ್‌ಎಂಜಿಇ 300 ಪ್ರಶ್ನೆ, 150 ಬಂದರೆ ಪಾಸ್, ನೆಗೆಟಿವ್ ಅಂಕ ಇಲ್ಲ. ಹೆಸರಿಗೆ ಜೂನ್ ಪರೀಕ್ಷೆಯಾದರೂ 2025ರಲ್ಲಿ ನಡೆದದ್ದು ಜುಲೈ 26ಕ್ಕೆ. ಡಿಸೆಂಬರ್‌ನದ್ದು ಜನವರಿಗೆ ಹೋಗುತ್ತದೆ. ಸ್ಟೆಪ್ 2 ಓದಿದವರಿಗೆ ಮೆಡಿಸಿನ್ (33), ಸರ್ಜರಿ (32), ಸ್ತ್ರೀರೋಗ (30) ಅಷ್ಟು ಕಷ್ಟವಾಗುವುದಿಲ್ಲ. ಅವರು ಜಾರುವುದು ಪಿಎಸ್‌ಎಂನಲ್ಲಿ (ಸಮುದಾಯ ವೈದ್ಯಶಾಸ್ತ್ರ), ಅದಕ್ಕೂ 30 ಅಂಕ. ನಮ್ಮ ರಾಷ್ಟ್ರೀಯ ಕಾರ್ಯಕ್ರಮಗಳು, ಲಸಿಕೆ ವೇಳಾಪಟ್ಟಿ, ಉಪಕೇಂದ್ರ ಮತ್ತು ಪಿಎಚ್‌ಸಿಗೆ ಎಷ್ಟು ಜನಸಂಖ್ಯೆ ಎಂಬ ಲೆಕ್ಕ, ಇವೊಂದೂ ಅಮೆರಿಕದ ಪ್ರಶ್ನೆಬ್ಯಾಂಕಿನಲ್ಲಿ ಇರುವುದಿಲ್ಲ. ಫೊರೆನ್ಸಿಕ್ 10 ಅಂಕ, ಅಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್‌ಗಳನ್ನೇ ಓದಿ, ಹಳೇ ನೋಟ್ಸ್ ಬದಿಗಿಡಿ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಲಾ 17. ಸ್ಟೆಪ್ 1 ಆಗಿ ಇಷ್ಟು ವರ್ಷವಾದ ಮೇಲೆ ಇವು ಮಾಸಿರುತ್ತವೆ, ಒಂದು ಸುತ್ತು ಬೇಕೇ ಬೇಕು.

ಪಾಸಾದ ಮೇಲೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ತಾತ್ಕಾಲಿಕ ನೋಂದಣಿ, 12 ತಿಂಗಳ ಇಂಟರ್ನ್‌ಶಿಪ್, ಆಮೇಲೆ ಕಾಯಂ ನೋಂದಣಿ. ಹೆಚ್ಚು ಜನ ಸಿಕ್ಕಿಬೀಳುವುದು ಓದಿನಲ್ಲಿ ಅನ್ನುವುದಕ್ಕಿಂತ ಕಾಗದಪತ್ರದಲ್ಲಿ. ನಿಮ್ಮ ಬ್ಯಾಚಿಗೆ ಕೋವಿಡ್ ಕಾಲದ ಆನ್‌ಲೈನ್ ತರಗತಿಯ ತೊಡಕಿದೆ. ಆ ಅವಧಿಯನ್ನು ಮುಂದೆ ಕ್ಯಾಂಪಸ್ಸಿನಲ್ಲೇ ಕೂತು ಸರಿದೂಗಿಸಿದ್ದೀರಿ ಎಂದು ವಿಶ್ವವಿದ್ಯಾಲಯ ತಾರೀಕು ಸಮೇತ ಪತ್ರ ಕೊಡಬೇಕು. ಕೌನ್ಸಿಲ್‌ನವರು ಅದನ್ನು ಪಾಸ್‌ಪೋರ್ಟಿನ ಹೋದ-ಬಂದ ಮುದ್ರೆಗಳ ಜೊತೆ ತಾಳೆ ನೋಡುತ್ತಾರೆ. ಹಳೇ ಪಾಸ್‌ಪೋರ್ಟ್ ಇದ್ದರೆ ಜೋಪಾನ. ಪ್ರತಿ ಪುಟ ಜೆರಾಕ್ಸ್ ಮಾಡಿಸಿ, ಮುದ್ರೆ ಮಸುಕಾದ ಕಡೆ ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಕು ಬರೆದಿಡಿ. ಪದವಿ ಮತ್ತು ಟ್ರಾನ್ಸ್‌ಕ್ರಿಪ್ಟ್‌ಗೆ ಜಾರ್ಜಿಯಾದ ಅಪೋಸ್ಟಿಲ್ (ದಾಖಲೆ ಅಸಲಿ ಎಂಬ ಸರ್ಕಾರಿ ದೃಢೀಕರಣ) ಬೇಕು, ಇದನ್ನು ಇವತ್ತೇ ಶುರು ಮಾಡಿ. ಹತ್ತನೇ ತರಗತಿ, ಪಿಯುಸಿ, ನೀಟ್ ಯುಜಿ, ಪಾಸ್‌ಪೋರ್ಟ್ ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮಲ್ಲಿ ಮನೆತನದ ಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ, ಮತ್ತೊಂದು ಕಡೆ ಬರೀ ಇನಿಷಿಯಲ್ ಆಗಿರುತ್ತದೆ. ಹಾಗಿದ್ದರೆ ಅಫಿಡವಿಟ್ ಈಗಲೇ ಮಾಡಿಸಿ.

ಮಡಿಕೇರಿ ಮೆಡಿಕಲ್ ಕಾಲೇಜಿನಲ್ಲೇ ಇಂಟರ್ನ್‌ಶಿಪ್ ಸಿಗುತ್ತದೆ ಎಂದು ನಂಬಿ ಕೂರಬೇಡಿ. ವಿದೇಶದಲ್ಲಿ ಓದಿದವರಿಗೆ ಶೇ. 7.5ರ ಮಿತಿ ಹಿಡಿದರೆ 150 ಸೀಟಿನ ಕಾಲೇಜಿನಲ್ಲಿ ಸಿಗುವುದು 11ರ ಆಸುಪಾಸು.

ಕುಶಾಲನಗರ_ರೀಅಪ್ಲಿಕೆಂಟ್

ಮೇಲಿನದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಅಮೆರಿಕವನ್ನು ಈಗಲೇ ಕೈಬಿಡಬೇಡಿ. ಅಮೆರಿಕದ ಪ್ರಜೆಗಳಲ್ಲದ ವಿದೇಶಿ ಪದವೀಧರರಲ್ಲಿ ಮ್ಯಾಚ್ ಆಗುವವರು ಇತ್ತೀಚಿನ ವರ್ಷಗಳಲ್ಲಿ ಶೇ. 58ರ ಸುಮಾರು.

ಇಂಟರ್ವ್ಯೂಗಳೇ ಕಡಿಮೆ ಬಂದಿವೆ ಎಂದಿದ್ದೀರಿ. ಹಾಗಾದರೆ ತೊಂದರೆ ನಿಮ್ಮ ಮಾತಿನಲ್ಲಿಲ್ಲ, ಅರ್ಜಿಯಲ್ಲಿದೆ. ಪಾಸಾದ ಸ್ಟೆಪ್ 2 ಮತ್ತೆ ಬರೆಯಲು ಬಿಡುವುದಿಲ್ಲ, ಆದ್ದರಿಂದ 238 ಹಾಗೇ ಉಳಿಯುತ್ತದೆ. ಬದಲಾಯಿಸಬಹುದಾದದ್ದು ಬೇರೆ: ಸ್ಟೆಪ್ 3 ಬರೆಯಬಹುದು (ಎಚ್-1ಬಿ ವೀಸಾ ಕೊಡುವ ಕಡೆ ಅದು ಬೇಕು), ಇತ್ತೀಚಿನ ಅಮೆರಿಕನ್ ಶಿಫಾರಸು ಪತ್ರ ತರಬಹುದು, ಫ್ಯಾಮಿಲಿ ಮೆಡಿಸಿನ್ ಸೇರಿಸಿಕೊಳ್ಳಬಹುದು. ಹೋದ ಸಲದ ಪರ್ಸನಲ್ ಸ್ಟೇಟ್‌ಮೆಂಟ್ ಹಾಗೇ ಕಳಿಸಬೇಡಿ, ಒಂದೇ ಪ್ರೋಗ್ರಾಂ ಎರಡೂ ವರ್ಷದ್ದನ್ನು ನೋಡಬಹುದು. ಇಂಟರ್ನಲ್ ಮೆಡಿಸಿನ್‌ನಲ್ಲಿ ಯಾವ ಪ್ರೋಗ್ರಾಂ ಮೇಲೆ ಹೆಚ್ಚು ಆಸಕ್ತಿ ಎಂದು ತಿಳಿಸಲು 3 ಚಿನ್ನ, 12 ಬೆಳ್ಳಿ ಸಿಗ್ನಲ್ ಇರುತ್ತವೆ. ಅವನ್ನು ದೊಡ್ಡ ವಿಶ್ವವಿದ್ಯಾಲಯಗಳಿಗೆ ಸುರಿಯುವುದು ದಂಡ. ಈಗಿರುವ ರೆಸಿಡೆಂಟ್‌ಗಳಲ್ಲಿ ಹೊರದೇಶದಲ್ಲಿ ಓದಿದವರೇ ಹೆಚ್ಚಿರುವ ಕಮ್ಯುನಿಟಿ ಆಸ್ಪತ್ರೆಗಳಿಗೆ ಕೊಡಿ.

ವೀಸಾ ನೋಡಿಯೇ ಪಟ್ಟಿ ಮಾಡಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ಅದನ್ನು ಹೊರಲು ಸಣ್ಣ ಆಸ್ಪತ್ರೆಗಳು ಹಿಂಜರಿಯುತ್ತವೆ. ಜೆ-1 ವೀಸಾ ತೆಗೆದುಕೊಂಡರೆ ತರಬೇತಿ ಮುಗಿದ ಮೇಲೆ ಎರಡು ವರ್ಷ ಊರಿಗೆ ಮರಳಬೇಕು, ಇಲ್ಲವೇ ಆ ಷರತ್ತು ಮನ್ನಾ ಆಗುವ ವೇವರ್ ಕೆಲಸ ಹಿಡಿಯಬೇಕು. ಪರೀಕ್ಷೆಗಳಿಗೆ ಏಳು ವರ್ಷದ ಗಡುವಿದೆ. ನಿಮ್ಮ ಸ್ಟೆಪ್ 1 2022ರದ್ದು, ಸದ್ಯಕ್ಕೆ ಗಾಬರಿಯಿಲ್ಲ.

ಇಂಟರ್ವ್ಯೂಗಳು ಅಕ್ಟೋಬರ್‌ನಿಂದ ಜನವರಿ ತನಕ ಆನ್‌ಲೈನ್‌ನಲ್ಲಿ ನಡೆಯುತ್ತವೆ. ನವೆಂಬರ್‌ನಲ್ಲಿ ಗಡಿಯಾರ ಬದಲಾದ ಮೇಲೆ ನ್ಯೂಯಾರ್ಕಿನ ಬೆಳಿಗ್ಗೆ 8 ಅಂದರೆ ನಮಗೆ ಸಂಜೆ 6.30, ಕ್ಯಾಲಿಫೋರ್ನಿಯಾದ್ದು ರಾತ್ರಿ 9.30. ತೋಟದ ಮನೆಯ ಕರೆಂಟು, ನೆಟ್‌ವರ್ಕ್ ನೆಚ್ಚಿಕೊಳ್ಳಬೇಡಿ. ಪೇಟೆಯಲ್ಲಿ ಬ್ರಾಡ್‌ಬ್ಯಾಂಡ್ ಮತ್ತು ಯುಪಿಎಸ್ ಇರುವ ಕೋಣೆ ಮೊದಲೇ ಗೊತ್ತುಮಾಡಿಕೊಳ್ಳಿ.

ಸೋಮವಾರಪೇಟೆ_ಎಂಒ

ಇಂಗ್ಲೆಂಡ್ ಸದ್ಯಕ್ಕೆ ಬೇಡ. ಅಲ್ಲಿನ ಲೈಸೆನ್ಸ್ ಪರೀಕ್ಷೆ ಪ್ಲ್ಯಾಬ್ ಪಾಸಾಗಿ ಕೆಲಸಕ್ಕೆ ಕಾಯುತ್ತಿರುವವರೇ ತುಂಬಾ ಇದ್ದಾರೆ. ಜರ್ಮನಿ ನಿಜವಾದ ದಾರಿಯೇ, ಅಲ್ಲಿ ತರಬೇತಿಯಲ್ಲೇ ಸಂಬಳ. ಆದರೆ ಬಿ2 ಜರ್ಮನ್, ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆ, ಆಮೇಲೆ ವೈದ್ಯಕೀಯ ಜ್ಞಾನ ಪರೀಕ್ಷೆ ಇವೆ. ಭಾಷೆಗೇ ಒಂದು ವರ್ಷದ ಮೇಲೆ ಹಿಡಿಯುತ್ತದೆ. ಇದನ್ನೂ ಎಫ್‌ಎಂಜಿಇಯನ್ನೂ ಒಟ್ಟಿಗೆ ಎಳೆಯಲು ಹೋಗಬೇಡಿ.

ನೀಟ್ ಪಿಜಿಯ ಲೆಕ್ಕ ಗಮನಿಸಿ. 2025ರಲ್ಲಿ ಇಂಟರ್ನ್‌ಶಿಪ್ ಮುಗಿಸಲು ಕೊನೆಯ ದಿನ ಜುಲೈ 31 ಇತ್ತು. ನೀವು ಜುಲೈನಲ್ಲಿ ಎಫ್‌ಎಂಜಿಇ ಪಾಸಾಗಿ ನವೆಂಬರ್‌ನಲ್ಲಿ ಇಂಟರ್ನ್‌ಶಿಪ್ ಶುರು ಮಾಡಿದರೆ ಮುಂದಿನ ವರ್ಷದ ಪರೀಕ್ಷೆ ತಪ್ಪುತ್ತದೆ, ಅದರಾಚೆಯದ್ದೇ ಗತಿ. ಕಾಯಂ ನೋಂದಣಿ ಆದ ಮೇಲೆ ಆ ಪರೀಕ್ಷೆಯ ತನಕದ ತಿಂಗಳುಗಳಲ್ಲಿ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’ ಕೆಲಸ ಮಾಡಿ, ಅದು ಅಮೆರಿಕದ ಅರ್ಜಿಯಲ್ಲೂ ಗ್ಯಾಪ್ ತುಂಬುತ್ತದೆ. ಕೇಂದ್ರ ಸರ್ಕಾರದ ವೈದ್ಯ ಹುದ್ದೆಗಳಿಗೆ ಯುಪಿಎಸ್‌ಸಿ ನಡೆಸುವ ಸಿಎಂಎಸ್ ಪರೀಕ್ಷೆಗೆ ಸಾಮಾನ್ಯವಾಗಿ ವಯಸ್ಸು 32 ತುಂಬಿರಬಾರದು. ಸೇನೆಯ ವೈದ್ಯಕೀಯ ದಳದ ಶಾರ್ಟ್ ಸರ್ವಿಸ್‌ಗೆ ಎಂಬಿಬಿಎಸ್‌ನವರಿಗೆ 30ರ ಮಿತಿ.

ನೀಟ್ ಪಿಜಿ ರ‍್ಯಾಂಕ್ ಎಂಡಿಗೆ ಸಾಲದಿದ್ದರೂ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎರಡು ವರ್ಷದ ಡಿಪ್ಲೊಮಾ ಬಿಡಬೇಡಿ. ಅರಿವಳಿಕೆ, ಮಕ್ಕಳ ವಿಭಾಗ, ಪ್ರಸೂತಿ, ಫ್ಯಾಮಿಲಿ ಮೆಡಿಸಿನ್ ಎಲ್ಲ ಅದರಲ್ಲಿವೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಬೇಕಾಗಿರುವವರು ಇವರೇ.

ವಿರಾಜಪೇಟೆ_ವೈದ್ಯೆ

ಎಲ್ಲರಿಗೂ ಧನ್ಯವಾದ. ನೈಟ್ ಡ್ಯೂಟಿ ಬೇಡವೆಂದು ಹೇಳುತ್ತೇನೆ. ಎಫ್‌ಎಂಜಿಇ ಕೇಂದ್ರ ಮಂಗಳೂರು ಕೊಡಲೋ, ಮೈಸೂರು ಕೊಡಲೋ?

ಮಡಿಕೇರಿ_ಪಿಎಸ್‌ಎಂ

ಆಯ್ಕೆ ಇದ್ದರೆ ಮೈಸೂರು. ಜುಲೈನಲ್ಲಿ ಸಂಪಾಜೆ ಘಾಟಿಯ ಮೇಲೆ ಭರವಸೆ ಇಡಬಾರದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಂಗಳೂರು ರಸ್ತೆಯೇ ಬಂದ್ ಆಗಿತ್ತು. ವಿರಾಜಪೇಟೆಯಿಂದ ಗೋಣಿಕೊಪ್ಪ, ಹುಣಸೂರು ಮೇಲೆ ಹಿಂದಿನ ದಿನ ಬೆಳಿಗ್ಗೆಯೇ ಹೊರಡಿ. ಅರ್ಜಿ ತೆರೆದ ದಿನವೇ ಕೇಂದ್ರ ಆರಿಸಿ, ತಡವಾದರೆ ಹತ್ತಿರದ ಊರುಗಳು ಮೊದಲು ತುಂಬುತ್ತವೆ.